ಇರ್ಮಾ ಸಾಲ್ಮೆಲಾ ಅವರ ಬಿಚ್ಚದ ಎಂಜಿನ್

ಏಪ್ರಿಲ್ ಹತ್ತನೇ ತಾರೀಖು ಬುಧವಾರ ಬೆಳಿಗ್ಗೆ, ಆರ್ವೋ ಸಾಲ್ಮೆಲಾ ಅವರ ಮನೆಯ ಗ್ಯಾರೇಜಿನಲ್ಲಿ ಮಂಡಿಯೂರಿ ಕೂತು, ಬೈಕಿನ ಎಂಜಿನ್ ಪಕ್ಕದಲ್ಲಿ ಆಯಿಲ್ ನೋಡಲೆಂದು ಇರುವ ಪುಟ್ಟ ಗಾಜಿಗೆ ಟಾರ್ಚ್ ಹಿಡಿದೆ. ಹಿಡಿದವನು ಹಾಗೇ ಕೂತುಬಿಟ್ಟೆ. ಜೇನಿನ ಬಣ್ಣ ಕಾಣಬೇಕಾದ ಕಡೆ ಹಾಲು ಹಾಕಿದ ಕಾಫಿ ಕಾಣುತ್ತಿತ್ತು. ಆಯಿಲ್‌ಗೆ ನೀರು ಸೇರಿತ್ತು. ಅದೂ ಒಂದು ತೊಟ್ಟು ಎರಡು ತೊಟ್ಟಲ್ಲ. ಯಾರಪ್ಪಾ ಈ ಘನಕಾರ್ಯ ಮಾಡಿದವರು ಎಂದು ನನಗೆ ಮೈಯೆಲ್ಲಾ ಉರಿದುಹೋಯಿತು.

ಹಿಂದೆ ಆರ್ವೋ ಎರಡು ಮಗ್ ಕಾಫಿ ಹಿಡಿದು ನಿಂತಿದ್ದರು. ಹೊಸದಾಗಿ ಕ್ಷೌರ ಮಾಡಿಸಿಕೊಂಡಿದ್ದರು. ಗ್ಯಾರೇಜಿನ ನೆಲ ಗುಡಿಸಿತ್ತು. ಬೈಕಿಗೆ ಹೊದಿಸುವ ಹಳೆಯ ಕೌದಿಯನ್ನು ಒಗೆದು ಮಡಿಸಿಟ್ಟಿದ್ದರು.

"ಹೆಂಗಿದೆಯೋ ವೈನೋ? ನಾಡಿದ್ದು ಬರ್ತಾಳೆ. ಬಂದವಳು ಮೊದಲು ಇದನ್ನೇ ನೋಡೋದು, ನನ್ನ ಮುಖ ಅಲ್ಲ," ಎಂದು ನಕ್ಕರು.

ನಾನು ಕಾಫಿ ತೆಗೆದುಕೊಂಡೆ.

ಬರುವವರು ಅವರ ಹೆಂಡತಿ ಇರ್ಮಾ. ಮಿನ್ನೆಸೋಟದ ಈ ಕಬ್ಬಿಣದ ಗಣಿಯ ಊರಲ್ಲಿ ಮೂವತ್ತೊಂದು ವರ್ಷ ಶಾಲೆಯ ಬಸ್ ಓಡಿಸಿದವರು. ನಾನೂ ಅದೇ ಬಸ್ಸಿನಲ್ಲಿ ಕೂತು ಶಾಲೆಗೆ ಹೋದವನು, ಸೀಟು ಹರಿದಿದ್ದಕ್ಕೆ ಅವರ ಕೈಲಿ ಕಿವಿ ಹಿಂಡಿಸಿಕೊಂಡವನು. ಈಗ ನನಗೆ ಐವತ್ಮೂರು, ಊರಿಗೆಲ್ಲ ಬೈಕ್ ರಿಪೇರಿ ಮಾಡುವವನು ನಾನೊಬ್ಬನೇ. ಆದರೂ ಇರ್ಮಾಗೆ ಇವತ್ತಿಗೂ ನಾನು ಹಿಂದಿನ ಸೀಟಿನ ಪೋರನೇ. ಮೂವತ್ತೈದು ವರ್ಷದಲ್ಲಿ ಈ ಬೈಕಿನ ಒಂದು ಬೋಲ್ಟನ್ನೂ ಅವರು ಪಕ್ಕದಲ್ಲಿ ನಿಲ್ಲದೆ ನಾನು ತಿರುಗಿಸಿದ್ದಿಲ್ಲ. "ಅದು ಪಿಕಪ್ಪಿನ ಬೋಲ್ಟ್ ಅಲ್ಲ ಕಣೋ, ಮೆಲ್ಲಗೆ. ನಿನ್ನ ಕೈ ಕೈಯೋ ಕರಡಿ ಪಂಜೋ?" ಇಂಥ ಆಶೀರ್ವಾದಗಳನ್ನು ಕೇಳಿಕೊಂಡೇ ನಾನು ಕೆಲಸ ಕಲಿತದ್ದು.

ಎಂಬತ್ತನಾಲ್ಕನೇ ಇಸವಿಯಲ್ಲಿ ಡುಲೂತ್ ಪಟ್ಟಣದ ಅಂಗಡಿಯಲ್ಲಿ ಈ ಬೈಕನ್ನು ಹೊಸದಾಗಿ ಕೊಂಡಾಗ ಅಲ್ಲಿನ ಮಾರಾಟಗಾರ ಹಲ್ಲು ಕಿರಿದು, "ಇದು ಹೊಲಿಗೆ ಮೆಷಿನ್ ಅಲ್ಲಮ್ಮಾ. ಇಪ್ಪತ್ತು ಸಾವಿರ ಮೈಲಿಯೊಳಗೆ ಎಂಜಿನ್ ಬಿಚ್ಚಿಸೋಕೆ ನಮ್ಮ ಹತ್ರಾನೇ ಬರ್ತೀರಿ, ನೋಡ್ತಿರಿ," ಅಂದನಂತೆ. ಇರ್ಮಾಗೆ ಮೂಗಿನ ತುದಿಯಲ್ಲೇ ಕೋಪ. "ಈ ಎಂಜಿನ್ ಬಿಚ್ಚಿದ ದಿನ ಕೀ ಕೆಳಗಿಡ್ತೀನಿ. ಆಮೇಲೆ ಯಾವ ಬೈಕನ್ನೂ ಹತ್ತಲ್ಲ. ಬರ್ಕೊಳ್ಳಿ," ಎಂದು ಹೇಳಿ ಬಂದರು. ಆ ಮಾತು ಊರಿಗೆಲ್ಲ ಗೊತ್ತು. ಅವರು ಆಡಿದ್ದು ಆಡಿದ್ದೇ ಎಂಬುದೂ ಗೊತ್ತು.

ಈ ಏಪ್ರಿಲ್‌ನಲ್ಲಿ ಮೀಟರ್ ಎರಡು ಲಕ್ಷದ ತೊಂಬತ್ತಾರು ಸಾವಿರ ಮೈಲಿ ತೋರಿಸುತ್ತಿತ್ತು. ಎಂಜಿನ್ ಒಂದು ಸಲವೂ ಬಿಚ್ಚಿರಲಿಲ್ಲ. ಮಾಟ ಮಂತ್ರ ಏನೂ ಇಲ್ಲ, ಬರೀ ಹಟ. ಮೂರು ಸಾವಿರ ಮೈಲಿಗೊಮ್ಮೆ ಎಂಜಿನ್ ಬಿಸಿಯಿರುವಾಗಲೇ ಆಯಿಲ್ ಬಸಿದು ಹೊಸದು ಹಾಕಬೇಕು. ಆರು ಸಾವಿರಕ್ಕೊಮ್ಮೆ ವಾಲ್ವ್‌ಗಳ ಸಂದು ಅಳೆಯಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೇಲೆ ಮೊದಲ ಮೂರು ಮೈಲಿ ಮಗುವನ್ನು ನಡೆಸಿದ ಹಾಗೆ ನಡೆಸಬೇಕು. ತೆಗೆದ ಹಳೆಯ ಫಿಲ್ಟರನ್ನು ಎಸೆಯುವಂತಿಲ್ಲ. ತಗಡು ಕತ್ತರಿಯಲ್ಲಿ ಅದರ ಡಬ್ಬಿ ಕತ್ತರಿಸಿ, ಒಳಗಿನ ಮಡಿಕೆ ಕಾಗದ ಬಿಡಿಸಿ, ಬಿಸಿಲಿಗೆ ಹಿಡಿದು, ಲೋಹದ ಚೂರು ಏನಾದರೂ ಬಂದಿದೆಯೇ ಎಂದು ಹುಡುಕಬೇಕು. ಇನ್ನು ನವೆಂಬರಿನಲ್ಲಿ ಇಪ್ಪತ್ತು ಮೈಲಿ ಓಡಿಸಿ, ಹೊಸ ಆಯಿಲ್ ಹಾಕಿ, ಕೌದಿ ಹೊದಿಸಿ ಮಲಗಿಸಿದರೆ ಏಪ್ರಿಲ್‌ವರೆಗೆ ಯಾರೂ ಮುಟ್ಟುವಂತಿಲ್ಲ. "ಎಂಜಿನ್‌ಗಳು ವಯಸ್ಸಾಗಿ ಸಾಯಲ್ಲ ಕಣೋ ವೈನೋ, ಯಾರೋ ಕೊಲ್ತಾರೆ," ಅನ್ನುತ್ತಿದ್ದರು.

ಹೋದ ನವೆಂಬರಿನಲ್ಲಿ ಬೈಕನ್ನು ಹಾಗೆ ಮಲಗಿಸಿದ ನಾಲ್ಕನೇ ದಿನಕ್ಕೆ, ಹಬೆ ಸ್ನಾನದ ಸೌನಾ ಮನೆಗೆ ಸೌದೆ ಒಯ್ಯುವಾಗ ಮೆಟ್ಟಿಲ ಮೇಲಿನ ಮಂಜುಗಡ್ಡೆಯಲ್ಲಿ ಕಾಲು ಜಾರಿ ಬಿದ್ದರು. ಸೊಂಟದ ಮೂಳೆ, ತೊಡೆಯ ಮೂಳೆ ಎರಡೂ ಮುರಿದವು. ಡುಲೂತ್‌ನಲ್ಲಿ ಆಪರೇಷನ್ ಆಯಿತು, ಗಾಯಕ್ಕೆ ಸೋಂಕು ತಗುಲಿತು, ಜನವರಿಯಲ್ಲಿ ಇನ್ನೊಂದು ಆಪರೇಷನ್. ಅರವತ್ತೊಂಬತ್ತು ವರ್ಷದ ಹೆಂಗಸು, ಬದುಕುತ್ತಾರೋ ಇಲ್ಲವೋ ಎಂಬಂತಾಗಿತ್ತು. ಆರ್ವೋಗೆ ಕಿವಿ ಕೆಟ್ಟ ಮೇಲೆ ತಲೆಸುತ್ತು, ಕಾರು ಓಡಿಸುವಂತಿಲ್ಲ. ತಿಂಗಳಿಗೊಮ್ಮೆ ನಾನೇ ಅವರನ್ನು ಕರೆದೊಯ್ಯುತ್ತಿದ್ದೆ. ಫೆಬ್ರವರಿಯಲ್ಲಿ ನಡಿಗೆ ಕಲಿಸುವ ಹುಡುಗಿ, "ಎಷ್ಟು ದೂರ ಹೋಗೋ ಆಸೆ ಇದೆ ಇರ್ಮಾ?" ಎಂದು ಕೇಳಿದರೆ, ಹಲ್ಲು ಕಚ್ಚಿ ಕಂಬಿ ಹಿಡಿದು ನಿಂತಿದ್ದ ಇರ್ಮಾ, "ನಾಲ್ಕು ಸಾವಿರ ಮೈಲಿ," ಅಂದರು. ಮೂರು ಲಕ್ಷಕ್ಕೆ ಬಾಕಿ ಇದ್ದದ್ದು ಅಷ್ಟೇ. ಒಂದು ಬೇಸಿಗೆಯ ಓಡಾಟ. ಡಾಕ್ಟರು ಜೂನ್‌ನಲ್ಲಿ ಬೈಕ್ ಹತ್ತಬಹುದು ಅಂದಿದ್ದರು.

ಅಂಥ ಎಂಜಿನ್ನಿನಲ್ಲಿ ಈಗ ಹಾಲು ಕಾಫಿ.

"ಆರ್ವೋ, ಈ ಬೈಕನ್ನ ಯಾರಾದ್ರೂ ಸ್ಟಾರ್ಟ್ ಮಾಡಿದ್ರಾ?"

"ಏನು?"

"ಸ್ಟಾರ್ಟ್! ಯಾರಾದ್ರೂ ಮಾಡಿದ್ರಾ?"

"ಯಾರಾದ್ರೂ ಯಾಕೆ, ನಾನೇ ಮಾಡ್ತಿದ್ದೆ. ಪ್ರತಿ ಭಾನುವಾರ, ಒಂದು ವಾರಾನೂ ತಪ್ಪಿಸಿಲ್ಲ," ಎಂದು ಆರ್ವೋ ಎದೆಯುಬ್ಬಿಸಿದರು. "ಬ್ಯಾಟರಿ ಚಾರ್ಜಿಗೆ ಹಾಕಿಟ್ಟಿದ್ದೆ. ಒಂದೇ ಸಲಕ್ಕೆ ಹತ್ಕೋತಿತ್ತು."

ಅಯ್ಯೋ ದೇವರೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಈ ಮನುಷ್ಯ ಮೂವತ್ತೆಂಟು ವರ್ಷ ಗಣಿಯಲ್ಲಿ ದುಡಿದವರು. ಬಂಡೆ ಸಿಡಿಸಿ ಸಿಡಿಸಿ ಕಿವಿ ಕಳೆದುಕೊಂಡದ್ದೂ ಅಲ್ಲೇ. ಗಣಿಯ ದೈತ್ಯ ಲಾರಿಗಳನ್ನು ಚಳಿಗಾಲದಲ್ಲಿ ಆರಿಸುವುದೇ ಇಲ್ಲ. ಒಮ್ಮೆ ಆರಿಸಿದರೆ ಬೆಳಿಗ್ಗೆಗೆ ಹೆಪ್ಪುಗಟ್ಟಿ ಹೆಣವಾಗುತ್ತವೆ. ಚಳಿಯಲ್ಲಿ ಎಂಜಿನ್ ನಿಲ್ಲಬಾರದು ಎಂಬುದು ಅಲ್ಲಿನವರ ರಕ್ತದಲ್ಲೇ ಬಂದುಬಿಟ್ಟಿದೆ. ಬೈಕಿನ ವಿಷಯ ಪೂರ್ತಿ ಬೇರೆ ಎಂದು ಇವರಿಗೆ ಯಾರು ಹೇಳಬೇಕಿತ್ತು? ಹೇಳಬೇಕಾದವರು ಆಸ್ಪತ್ರೆಯಲ್ಲಿದ್ದರು. ಬೈಕನ್ನು ಮುಟ್ಟಬೇಡ ಎಂಬ ಅವರ ಮಾತನ್ನು ಇವರು ಓಡಿಸಬೇಡ ಎಂದಷ್ಟೇ ತಿಳಿದುಕೊಂಡಿದ್ದರು.

"ಎಷ್ಟು ಹೊತ್ತು ಓಡಿಸ್ತಿದ್ರಿ?" ಎಂದು ಇನ್ನೂ ಜೋರಾಗಿ ಕೂಗಿದೆ.

"ಐದು ನಿಮಿಷ. ಫೋನಲ್ಲಿ ಅವಳೇನಂತಾಳೆ ನಂಗೆ ಎಲ್ಲಿ ಕೇಳ್ಸತ್ತೆ ಹೇಳು? ನಾನೊಂದು ಅಂದ್ರೆ ಅವಳೊಂದು. ಅದಕ್ಕೇ ಫೋನ್ ಇಲ್ಲಿಗೆ ತಂದು, ಎಂಜಿನ್ ಪಕ್ಕ ಹಿಡಿದು ಕೂತ್ಕೋತಿದ್ದೆ. ಅವಳ ಗಾಡಿ ಸದ್ದು ಅವಳಿಗಾದ್ರೂ ಕೇಳಲಿ ಅಂತ."

ನನ್ನ ಕೋಪವೆಲ್ಲ ಇದ್ದಲ್ಲೇ ಇಳಿದುಹೋಯಿತು. ಪೆಟ್ರೋಲ್ ಉರಿದರೆ ನೀರಿನ ಆವಿ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಅದು ಹೊರಗೆ ಹೋಗುತ್ತದೆ. ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಕೆಳಗಿನ ಚಳಿಯಲ್ಲಿ ಐದು ನಿಮಿಷಕ್ಕೆ ಆರಿಸಿದರೆ ಅಷ್ಟೂ ನೀರು ಆಯಿಲ್‌ನೊಳಗೇ ಇಳಿಯುತ್ತದೆ. ಇಪ್ಪತ್ತೊಂದು ಭಾನುವಾರ. ಆದರೂ ನೀರಷ್ಟೇ ಆಗಿದ್ದರೆ ತೊಳೆದು ಉಳಿಸಬಹುದಿತ್ತು. ಇನ್ನೊಂದು ಮಾತು ಕೇಳುವುದಿತ್ತು. ಕೇಳಲು ಹೆದರಿಕೆಯಾಯಿತು.

"ಮೀಟರ್ ಹತ್ರ ಕೆಂಪು ದೀಪ ಏನಾದ್ರೂ ಹತ್ತಿತ್ತಾ?"

ಆರ್ವೋ ಸ್ವಲ್ಪ ಯೋಚಿಸಿದರು. "ಸಣ್ಣದಾ? ಹೂಂ, ಕಡೇ ಎರಡು ವಾರ ಹತ್ತಿತ್ತು. ಬ್ಯಾಟರಿದು ಇರ್ಬೇಕು ಅಂದ್ಕೊಂಡೆ."

"ಹತ್ತಿ ಆರಿತಾ?"

"ಇಲ್ಲ, ಐದು ನಿಮಿಷಾನೂ ಉರೀತು. ಯಾಕೋ?"

ಅದು ಎಂಜಿನ್ನಿನೊಳಗೆ ಆಯಿಲ್ ಹರಿಯುತ್ತಿಲ್ಲ ಎಂದು ಎಚ್ಚರಿಸುವ ದೀಪ. ಕೆಳಗಿಳಿದ ನೀರು ಗಡ್ಡೆ ಕಟ್ಟಿ, ಆಯಿಲ್ ಹೀರುವ ಜಾಲರಿ ಮುಚ್ಚಿಹೋಗಿದೆ. ಎರಡು ಭಾನುವಾರ ಸೇರಿ ಹತ್ತು ನಿಮಿಷ ಎಂಜಿನ್ ಆಯಿಲ್ ಇಲ್ಲದೆ ಲೋಹಕ್ಕೆ ಲೋಹ ತಿಕ್ಕಿಕೊಂಡು ಓಡಿದೆ. ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡು, "ನೋಡ್ತೀನಿ ತಾಳಿ," ಅಂದೆ.

ಕೆಳಗೆ ತಟ್ಟೆಯಿಟ್ಟು ಬಸಿದೆ. ಮೊದಲು ಬಂದದ್ದು ಬರೀ ನೀರು. ಹಿಂದೆಯೇ ಲೊಳಲೊಳ ಎಂದು ಬಿಳಿಕಂದು ಕೆಸರು ಬಿತ್ತು. ಫಿಲ್ಟರ್ ಬಿಚ್ಚಿ ಕಿಟಕಿ ಪಕ್ಕದ ಮೇಜಿಗೆ ಒಯ್ದೆ. ತಗಡು ಕತ್ತರಿಯಲ್ಲಿ ಡಬ್ಬಿ ಕತ್ತರಿಸಿದೆ. ಕಾಗದವನ್ನು ಒಂದೊಂದೇ ಮಡಿಕೆ ಬಿಡಿಸಿ ಪೇಪರ್ ಮೇಲೆ ಹರವಿದೆ. ಅಯಸ್ಕಾಂತ ಆಡಿಸಿದೆ, ಏನೂ ಅಂಟಲಿಲ್ಲ. ಮೂರನೇ ಮಡಿಕೆ, ನಾಲ್ಕನೇ ಮಡಿಕೆ, ಏನೂ ಇಲ್ಲ. ಬಚಾವಾದೆವು ಎಂದು ಉಸಿರು ಬಿಡುವಷ್ಟರಲ್ಲಿ ಕಾಗದ ಬಿಸಿಲಿಗೆ ಸ್ವಲ್ಪ ಓರೆಯಾಯಿತು. ಮೀನಿನ ಪೊರೆಯ ಹಾಗೆ ಸಣ್ಣಗೆ ಹೊಳೆಯಿತು. ಬೆರಳಿನಲ್ಲಿ ಉಜ್ಜಿದೆ. ಮೆತ್ತಗಿತ್ತು. ಅಯಸ್ಕಾಂತಕ್ಕೆ ಅಂಟದ ಮೆತ್ತನೆ ಲೋಹ ಅಂದರೆ ಬೇರಿಂಗಿನದೇ. ಒಳಗೆ ಎಂಜಿನ್ನಿನ ಮುಖ್ಯ ದಂಡ ತಿರುಗುವ ಬೇರಿಂಗ್ ಸವೆದುಹೋಗಿತ್ತು, ಎಂಜಿನ್ ಬಿಚ್ಚದೆ ಅದನ್ನು ಬದಲಿಸುವಂತಿಲ್ಲ.

"ಅದೇನೋ ಹೊಳೀತಿರೋದು?" ಆರ್ವೋ ಹೆಗಲ ಮೇಲಿಂದ ಬಗ್ಗಿ ಕೇಳಿದರು.

"ಏನಿಲ್ಲ, ಆಯಿಲ್ ಹೊಳಪು."

"ಸುಳ್ಳು ಹೇಳ್ಬೇಡ. ನಾನು ಕಿವುಡ ಕಣೋ, ಕುರುಡ ಅಲ್ಲ. ಇಷ್ಟು ವರ್ಷ ಅವಳು ಇದೇ ಮೇಜಿನ ಮೇಲೆ ಇದನ್ನೇ ಹುಡುಕ್ತಿದ್ದಿದ್ದು ನೋಡಿದ್ದೀನಿ."

ಹೇಳಿದೆ. ಅವರ ಕಿವಿಯ ಹತ್ತಿರ ಬಾಯಿಟ್ಟು, ಕೂಗಿ ಕೂಗಿ, ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದೆ. ಅಂಥ ಸುದ್ದಿಯನ್ನು ಮೆಲ್ಲಗೆ ಹೇಳುವ ಪುಣ್ಯವೂ ನನಗಿರಲಿಲ್ಲ. ಆರ್ವೋ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಸಿದು ಕೂತರು. "ಹೊಸ ಆಯಿಲ್ ಹಾಕಿದ್ರೆ ಓಡಲ್ವಾ?" ಅಂದರು.

"ಓಡತ್ತೆ. ನೂರು ಮೈಲಿ ಓಡತ್ತೋ ಸಾವಿರ ಓಡತ್ತೋ ಯಾರಿಗ್ಗೊತ್ತು? ಹೆದ್ದಾರಿಯಲ್ಲಿ ಹೋಗ್ತಿರುವಾಗ ಎಂಜಿನ್ ಕಚ್ಕೊಂಡು ಹಿಂದಿನ ಚಕ್ರ ನಿಂತ್ರೆ? ಈಗ ತಾನೇ ಕೂಡಿರೋ ಸೊಂಟ ಅದು."

"ಹಂಗಾದ್ರೆ ಬಿಚ್ಚಲೇಬೇಕು."

"ಬಿಚ್ಚಲೇಬೇಕು."

"ಬಿಚ್ಚಿದ್ರೆ ಅವಳು ಇನ್ನು ಹತ್ತಲ್ಲ."

ಆರ್ವೋ ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡರು. "ನಾನೇ ಹೇಳ್ತೀನಿ. ನೀನು ಬಾಯಿ ಬಿಡ್ಬೇಡ. ನೀನು ಹೇಳಿದ್ರೆ ನಾನು ಬಚ್ಚಿಟ್ಕೊಂಡ ಹಾಗಾಗತ್ತೆ."

ಶುಕ್ರವಾರ ನನ್ನ ಪಿಕಪ್ಪಿನಲ್ಲಿ ಡುಲೂತ್‌ಗೆ ಹೋಗಿ ಇರ್ಮಾ ಅವರನ್ನು ಕರೆದುಕೊಂಡು ಹೊರಟೆವು. ಎಪ್ಪತ್ತು ಮೈಲಿ. ತಿಂಗಳಿಗೊಮ್ಮೆ ಹೋಗಿಬಂದ ರಸ್ತೆಯೇ, ಆದರೆ ಅವತ್ತಿನಷ್ಟು ಉದ್ದವಾಗಿ ಎಂದೂ ಕಂಡಿರಲಿಲ್ಲ. ಆರ್ವೋ ಹಿಂದಿನ ಸೀಟಿನಲ್ಲಿ ಹೆಂಡತಿ ಊರಿಕೊಂಡು ನಡೆಯುವ ವಾಕರ್ ಚೌಕಟ್ಟನ್ನು ತಬ್ಬಿಕೊಂಡು ಕೂತಿದ್ದರು. ಮುಂದೆ ಇರ್ಮಾ. ಅರ್ಧ ಆಳಾಗಿದ್ದರು, ಬಾಯಿ ಮಾತ್ರ ಪೂರ್ತಿ ಇತ್ತು.

"ಬೈಕಲ್ಲಿ ಡುಲೂತ್‌ನ ದೊಡ್ಡ ಸರೋವರ ಒಂದು ಸುತ್ತು ಹಾಕಿದ್ರೆ ಸಾವಿರದ ಮುನ್ನೂರು ಮೈಲಿ. ಮೂರು ಸುತ್ತು ಹಾಕಿ, ಮೇಲೆ ಅಂಗಡಿಗೆ ಗಿಂಗಡಿಗೆ ಅಂತ ಓಡಾಡಿದ್ರೆ ಸೆಪ್ಟೆಂಬರ್‌ಗೆ ಮುಗೀತು. ಏನಂತೀಯ?"

"ಹೂಂ," ಅಂದೆ.

"ಏನು ಹೂಂ? ಬಾಯಿಗೆ ಬೀಗ ಹಾಕ್ಕೊಂಡು ಬಂದಿದ್ದೀಯಾ? ಹಿಂದೆ ಒಬ್ಬ ಕಲ್ಲು, ಮುಂದೆ ಒಬ್ಬ ಕಲ್ಲು. ನಾನೇನು ಮನೆಗೆ ಬರ್ತಿದ್ದೀನೋ ಮಸಣಕ್ಕೆ ಬರ್ತಿದ್ದೀನೋ?"

ಕನ್ನಡಿಯಲ್ಲಿ ಆರ್ವೋ ಮುಖ ನೋಡಿದೆ. ಅವರಿಗೆ ಒಂದು ಅಕ್ಷರವೂ ಕೇಳಿಸಿರಲಿಲ್ಲ. ಆದರೂ ಗೋಡೆಯ ಹಾಗೆ ಬಿಳಿಚಿಕೊಂಡಿದ್ದರು. ಈಗ ಹೇಳುತ್ತಾರೆ, ಮುಂದಿನ ತಿರುವಿನಲ್ಲಿ ಹೇಳುತ್ತಾರೆ ಎಂದು ಕಾದೆ. ಹೇಳಲಿಲ್ಲ.

ಮನೆ ಬಂತು. ಒಳಗೆ ಮೇಜಿನ ಮೇಲೆ ಏಲಕ್ಕಿ ಹಾಕಿದ ಪುಲ್ಲಾ ಬ್ರೆಡ್ಡು, ಕಾಫಿ ಎಲ್ಲಾ ಸಿದ್ಧವಿತ್ತು. ಇರ್ಮಾ ಆ ಕಡೆ ತಿರುಗಿಯೂ ನೋಡದೆ ಚೌಕಟ್ಟು ಊರಿಕೊಂಡು ಸೀದಾ ಗ್ಯಾರೇಜಿಗೆ ನಡೆದರು. ನಾವಿಬ್ಬರೂ ತಪ್ಪು ಮಾಡಿದ ನಾಯಿಗಳ ಹಾಗೆ ಹಿಂದೆ ಹೋದೆವು. ಕೌದಿ ಸರಿಸಿದರು. ಬಗ್ಗಲು ಆಗಲಿಲ್ಲ, ತಲೆ ಓರೆ ಮಾಡಿ ಗಾಜನ್ನು ನೋಡಿದರು. ಗಾಜು ಖಾಲಿಯಿತ್ತು.

"ಆಯಿಲ್ ಯಾಕಿಲ್ಲ?"

ಆರ್ವೋಗೆ ಪ್ರಶ್ನೆ ಕೇಳಿಸದಿದ್ದರೂ ಅರ್ಥವಾಯಿತು. ಒಂದು ಹೆಜ್ಜೆ ಮುಂದೆ ಬಂದರು. "ಇರ್ಮಾ, ನಾನೇ ಕೊಂದೆ ಅದನ್ನ. ಭಾನುವಾರದ ಐದೈದು ನಿಮಿಷದಿಂದಾನೇ ಹೋಯ್ತಂತೆ. ವೈನೋ ತಪ್ಪೇನಿಲ್ಲ. ಬೇರಿಂಗ್ ಹೋಗಿದೆ."

ಇರ್ಮಾ ನನ್ನತ್ತ ಕೈ ಚಾಚಿದರು. "ಫಿಲ್ಟರ್ ಕೊಡು."

ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ತುಂಬಾ ಹೊತ್ತು ನೋಡಿದರು. ಈಗ ಗುಡುಗುತ್ತಾರೆ, ಈ ಮುದುಕನ ಗತಿ ಮುಗಿಯಿತು ಎಂದು ನಾನು ನೆಲ ನೋಡುತ್ತಾ ನಿಂತಿದ್ದೆ.

"ಗೊತ್ತಿತ್ತು," ಅಂದರು.

"ಏನು ಗೊತ್ತಿತ್ತು?" ಅಂದೆ.

"ಮೊದಲ್ನೇ ಭಾನುವಾರಾನೇ ಗೊತ್ತಾಯ್ತು ಏನಾಗತ್ತೆ ಅಂತ. ಮಾರ್ಚ್ ಕೊನೇಲಿ ಫೋನಲ್ಲೇ ಎಂಜಿನ್ ಕೆಳಗಿಂದ ಟಕಟಕ ಅನ್ನೋದೂ ಕೇಳ್ತು. ಬೇರಿಂಗ್ ಹೋಯ್ತು ಅಂತ ಅವತ್ತೇ ಗೊತ್ತಾಯ್ತು. ಇವತ್ತು ಗಾಡಿಯಲ್ಲಿ ಸುಮ್ನೆ ಬಾಯಿಗೆ ಬಂದಿದ್ದು ಹರಟ್ತಿದ್ದೆ, ನನ್ನ ಬಾಯಾಡೋದು ನೋಡ್ಕೊಂಡಾದ್ರೂ ಇವನು ಅಳದೇ ಇರ್ಲಿ ಅಂತ."

ನನಗೆ ತಡೆಯಲಾಗಲಿಲ್ಲ. ಬಂದೇ ಬಿಟ್ಟಿತು ಸಿಟ್ಟು. "ಗೊತ್ತಿದ್ದೂ ಸುಮ್ನಿದ್ರಾ? ನರ್ಸ್ ಕೈಲಿ ನಂಗೊಂದು ಫೋನ್ ಮಾಡ್ಸಿದ್ರೆ ಆಗ್ತಿರ್ಲಿಲ್ವಾ? ತಿಂಗಳಿಗೊಂದ್ಸಲ ಬಂದು ಎದುರಿಗೇ ಕೂತಿದ್ನಲ್ಲ! ಒಂದು ಮಾತು! ಮೂವತ್ತೈದು ವರ್ಷ ಕಾಪಾಡಿದ ಎಂಜಿನ್ ಇರ್ಮಾ!"

"ಹೇಳ್ಬೋದಿತ್ತು."

"ಮತ್ತೆ?"

ಇರ್ಮಾ ಆರ್ವೋ ಕಡೆ ತಿರುಗಿ, ಅವರ ಕಾಲರ್ ಹಿಡಿದೆಳೆದು ಕಿವಿಯನ್ನು ಬಾಯಿಯ ಹತ್ತಿರ ತಂದುಕೊಂಡರು. "ಎಂಜಿನ್ ಶುರು ಮಾಡಿ ಏನೇನು ಮಾತಾಡ್ತಿದ್ದೆ ನೀನು?"

ಆರ್ವೋ ಕುತ್ತಿಗೆಯಿಂದ ಹಣೆಯವರೆಗೂ ಕೆಂಪಾದರು. "ಆ ಸದ್ದಲ್ಲಿ ನಿಂಗೆ ಕೇಳ್ಸಲ್ಲ ಅಂದ್ಕೊಂಡಿದ್ದೆ."

"ಆ ಎಂಜಿನ್ ಸದ್ದನ್ನ ಇಷ್ಟು ವರ್ಷ ಕೇಳಿದ ಕಿವಿ ಇದು. ಅದರ ಹಿಂದೆ ಏನು ಸದ್ದಿದ್ರೂ ನಂಗೆ ಬೇರೆಯಾಗೇ ಕೇಳ್ಸತ್ತೆ."

"ಎಲ್ಲಾನೂ?"

"ಎಲ್ಲಾ. ಹಾಸಿಗೆ ತಣ್ಣಗಿದೆ ಅಂದಿದ್ದು. ನನ್ನ ಚಪ್ಪಲಿ ಬಾಗಿಲ ಹತ್ರಾನೇ ಇಟ್ಟಿದ್ದೀನಿ ಅಂದಿದ್ದು. ನಾನು ಸತ್ತುಹೋಗ್ಬಿಡ್ತೀನಿ ಅಂತ ಜನವರಿಯಲ್ಲಿ ಅತ್ತಿದ್ದು. ನಲವತ್ತಾರು ವರ್ಷ ಸಂಸಾರ ಮಾಡಿದ್ದೀವಿ, ಉಪ್ಪು ಕೊಡು, ಬಾಗಿಲು ಹಾಕು, ಇಷ್ಟೇ ತಾನೇ ನೀನು ಆಡಿದ ಮಾತು? ಎಂಜಿನ್ ಆರ್ಸು ಅಂದಿದ್ರೆ ಎಂಜಿನ್ ಉಳೀತಿತ್ತು. ನೀನು ಬಾಯಿ ಮುಚ್ಕೋತಿದ್ದೆ." ನನ್ನತ್ತ ತಿರುಗಿದರು. "ನಾಲ್ಕು ಸಾವಿರ ಮೈಲಿಗೋಸ್ಕರ ಎದ್ದು ನಿಂತೆ ಅಂತ ನಿಮಗೆಲ್ಲ ಹೇಳ್ತಿದ್ದೆ. ಸುಳ್ಳು ಕಣೋ. ಭಾನುವಾರ ಬರ್ಲಿ, ಭಾನುವಾರ ಬರ್ಲಿ ಅಂತ ಉಸಿರು ಹಿಡ್ಕೊಂಡಿದ್ದೆ."

ಬೈಕಿನ ಕೀ ಅದರಲ್ಲೇ ಇತ್ತು. ಇರ್ಮಾ ಅದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. "ಬಿಚ್ಚು."

"ಆ ಮಾರಾಟಗಾರ ಸತ್ತು ಇಪ್ಪತ್ತು ವರ್ಷ ಆಯ್ತು ಇರ್ಮಾ. ಮಾತು ಯಾರಿಗೆ ಉಳಿಸ್ಕೊಳ್ತೀರಿ? ಬೇರಿಂಗ್ ಹೊಸದು ಹಾಕ್ತೀನಿ, ಜೂನ್‌ಗೆ ಹತ್ತಿ, ಮೂರು ಸುತ್ತು ಹೊಡೀರಿ. ಯಾರು ಕೇಳ್ತಾರೆ?"

"ನಾನು ಕೇಳ್ತೀನಿ. ಬಿಚ್ಚು ಅಂದ್ರೆ ಬಿಚ್ಚು. ಸರಿಯಾಗಿ ಜೋಡ್ಸಿ ಯಾರಾದ್ರೂ ಎಳೇ ಹುಡುಗಿಗೆ ಕೊಡು, ಆಯಿಲ್ ನೋಡ್ಕೊಳ್ಳೋ ಬುದ್ಧಿ ಇರೋಳಿಗೆ."

ಆರ್ವೋ ಗೋಡೆಗೊರಗಿ ನಿಂತಿದ್ದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಲೂ ಇರಲಿಲ್ಲ. ಇರ್ಮಾ ಚೌಕಟ್ಟು ಊರಿಕೊಂಡು ಅವರ ಹತ್ತಿರ ಹೋಗಿ ನಿಂತರು.

"ಈಗ ಯಾವ ಸದ್ದೂ ಇಲ್ಲ. ಇನ್ನೊಂದ್ಸಲ ಹೇಳು," ಎಂದು ಕೂಗಿದರು.

ಆರ್ವೋ ನನ್ನ ಕಡೆ ನೋಡಿದರು. ಇರ್ಮಾನೂ ನೋಡಿದರು. "ಏನೋ ನೋಡ್ತಾ ನಿಂತಿದ್ದೀಯ? ಬಿಚ್ಚೋಕೆ ಸ್ಪಾನರ್ ಬೇಡ್ವಾ? ಹೋಗಿ ತಾ."

ಹೊರಗೆ ಬಂದು ಬಾಗಿಲೆಳೆದುಕೊಂಡೆ. ಕಿವಿ ಕೇಳದ ಮನುಷ್ಯನಿಗೆ ಮೆಲ್ಲಗೆ ಮಾತಾಡಲು ಎಲ್ಲಿ ಬರುತ್ತದೆ? "ಮನೆಗೆ ಬಂದ್ಯಲ್ಲ, ನಂಗಷ್ಟೇ ಸಾಕು," ಎಂದದ್ದು ಅಂಗಳಕ್ಕೆಲ್ಲ ಕೇಳಿಸಿತು. ಸ್ಪಾನರಿನ ಪೆಟ್ಟಿಗೆ ಪಿಕಪ್ಪಿನಲ್ಲಿ ಕಣ್ಣಿಗೆ ಕಾಣುವ ಹಾಗೆ ಮುಂದೆಯೇ ಇತ್ತು. ನಾನು ಬಹಳ ಹೊತ್ತು ಹುಡುಕಿದೆ.